ಮನೆ ಕೊಳ್ಳುವ ಮುನ್ನ ಯಾವ ಸರ್ವೆ ಮಾಡಿಸಬೇಕು?

ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಜಾಗದ ಮಾತುಕತೆ ನಡೆಯುವಲ್ಲಿ ಈಗ ಮೊದಲು ಬರುವ ಪ್ರಶ್ನೆ "ಡಿಜಿಟಲ್ ಸರ್ವೆ ಆಗಿದೆಯಾ?" ಎಂಬುದು. ಕೇರಳದಲ್ಲಿ ಡಿಜಿಟಲ್ ಮರುಸರ್ವೆ ಆರಂಭವಾದದ್ದು 2022ರ ನವೆಂಬರ್ 1ರಂದು. ನೋಂದಣಿ, ಕಂದಾಯ ಮತ್ತು ಸರ್ವೆ ಇಲಾಖೆಗಳ ದಾಖಲೆಗಳನ್ನು ಒಂದೇ ಕಡೆ ತರುವ 'ಎನ್ಟೆ ಭೂಮಿ' ಪೋರ್ಟಲ್ 2024ರ ಅಕ್ಟೋಬರಿನಲ್ಲಿ ಮೊಟ್ಟಮೊದಲು ಜಾರಿಗೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ. ಈ ವ್ಯವಸ್ಥೆ ಬಂದ ಗ್ರಾಮಗಳಲ್ಲಿ ಜಾಗದ ಒಂದು ತುಂಡನ್ನು ಮಾರುವುದಾದರೆ ನೋಂದಣಿಗೆ ಮೊದಲೇ ಆ ತುಂಡಿನ ನಕ್ಷೆ ಸಿದ್ಧವಾಗಬೇಕು. ಹಾಗಾಗಿ ಇದುವರೆಗೆ ಸರ್ವೆಯ ಗೊಡವೆಗೆ ಹೋಗದವರೂ ಈಗ ಅದನ್ನು ತಿಳಿದುಕೊಳ್ಳಬೇಕಾಗಿದೆ.

"ಆಗಿದೆ" ಎಂಬ ಉತ್ತರ ಸಿಕ್ಕಿದ ಕೂಡಲೇ ಕೊಳ್ಳುವವರು ನಿರಾಳರಾಗುವುದುಂಟು. ಆದರೆ ಆ ಸರ್ವೆ ಹೇಳುವುದು ಗಡಿ ಎಲ್ಲಿದೆ ಎಂಬುದನ್ನು ಮಾತ್ರ. ಗೋಡೆಯೊಳಗೆ ನೀರು ಏರುತ್ತಿದೆಯೇ, ಮನೆಯ ಹಿಂದಿನ ಧರೆ (ಗುಡ್ಡ ಕಡಿದ ಅಂಚು) ಮುಂದಿನ ಮಳೆಗಾಲಕ್ಕೆ ನಿಂತೀತೇ, ಆ ನೆಲ ದಾಖಲೆಯಲ್ಲಿ ಇನ್ನೂ ಗದ್ದೆಯಾಗಿಯೇ ಉಳಿದಿದೆಯೇ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಹಣ ಕೊಟ್ಟು ಒಂದು ಸರ್ವೆ ಮಾಡಿಸಿಯೂ ಮೋಸಹೋಗುವವರು ಸಾಮಾನ್ಯವಾಗಿ ತಪ್ಪು ಸರ್ವೆ ಮಾಡಿಸಿದವರು.

ಸರ್ವೆ ಎಂಬ ಒಂದು ಪದ, ನಾಲ್ಕು ಕೆಲಸ

ಅಡಿಕೆ ಕೊಳ್ಳುವವನನ್ನು ನೋಡಿ. ಅವನು ತೂಕ ಮಾಡುತ್ತಾನೆ, ನಾಲ್ಕು ಅಡಿಕೆ ಕತ್ತರಿಸಿ ಒಳಗೆ ನೋಡುತ್ತಾನೆ, ಯಾರ ತೋಟದ್ದು ಎಂದು ಕೇಳುತ್ತಾನೆ. ತೂಕ ಸರಿ ಇದೆ ಎಂದು ಕತ್ತರಿಸದೆ ಬಿಡುವುದಿಲ್ಲ. ಮನೆಯ ವಿಷಯದಲ್ಲೂ ಹೀಗೆಯೇ, ಪರೀಕ್ಷೆಗಳು ಬೇರೆ ಬೇರೆ. ದಾಖಲೆ ಪರಿಶೀಲನೆಯಲ್ಲಿ ಜಾಗ ಯಾರದು ಮತ್ತು ಯಾವ ಬಗೆಯದು ಎಂದು ತಿಳಿಯುತ್ತದೆ. ಗಡಿ ಸರ್ವೆಯಲ್ಲಿ ಎಷ್ಟು ಮತ್ತು ಎಲ್ಲಿಂದ ಎಲ್ಲಿಗೆ ಎಂದು ತಿಳಿಯುತ್ತದೆ. ನೆಲದ ಏರುತಗ್ಗಿನ ಸರ್ವೆ ನೀರು ಮತ್ತು ಮಣ್ಣಿನ ನಡೆಯನ್ನು ತೋರಿಸುತ್ತದೆ. ಕಟ್ಟಡದ ಪರಿಶೀಲನೆ ಮನೆಯ ಆರೋಗ್ಯವನ್ನು ಹೇಳುತ್ತದೆ. ಮೊದಲನೆಯದಕ್ಕೆ ವಕೀಲರು ಅಥವಾ ಅನುಭವವುಳ್ಳ ದಸ್ತಾವೇಜು ಬರಹಗಾರರು ಬೇಕು, ನಡುವಿನ ಎರಡಕ್ಕೆ ಸರ್ವೆಯರ್ ಬೇಕು, ಕೊನೆಯದಕ್ಕೆ ಸಿವಿಲ್ ಎಂಜಿನಿಯರ್ ಬೇಕು. ಒಬ್ಬರೇ ಎಲ್ಲವನ್ನೂ ಮಾಡಿಕೊಡುತ್ತೇನೆ ಎಂದರೆ ಯಾವುದನ್ನು ಮಾಡಲು ಅವರಿಗೆ ಪರವಾನಗಿ ಇದೆ ಎಂದು ಕೇಳುವುದು ಕೊಳ್ಳುವವರ ಹಕ್ಕು.

ಮೊದಲು ಕಾಗದ

ಟೇಪು ಹಿಡಿಯುವ ಮೊದಲು ಕಾಗದ ನೋಡಬೇಕು, ಏಕೆಂದರೆ ಇದಕ್ಕೆ ಖರ್ಚು ಕಡಿಮೆ, ಮತ್ತು ಇಲ್ಲಿಯೇ ವ್ಯವಹಾರ ನಿಂತುಹೋದರೆ ಮುಂದಿನ ಸರ್ವೆಯ ಹಣ ಉಳಿಯುತ್ತದೆ. ಮಾರುವವರಿಂದ ಕ್ರಯಪತ್ರ ಮತ್ತು ಅದಕ್ಕಿಂತ ಹಿಂದಿನ ಮೂಲಪತ್ರಗಳು, ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ, ಕನಿಷ್ಠ 30 ವರ್ಷದ ಋಣಭಾರ ಪತ್ರ, ಕೈವಶ ಪತ್ರ ಕೇಳಿ. ಪೋಕುವರವು ಆಗಿದೆಯೇ, ಅಂದರೆ ಮಾರಾಟದ ನಂತರ ಗ್ರಾಮ ಕಚೇರಿಯಲ್ಲಿ ಹೆಸರು ಬದಲಾಗಿ ಹೊಸ ತಂಡಪ್ಪೇರು (ತೀರ್ವೆ ಖಾತೆ) ನಂಬರು ಬಿದ್ದಿದೆಯೇ ಎಂಬುದನ್ನು ತೀರ್ವೆ ರಶೀದಿಯೇ ತೋರಿಸುತ್ತದೆ.

ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಅಳತೆಯ ಘಟಕದಲ್ಲಿ. ಹಳೆಯ ಪತ್ರಗಳಲ್ಲಿ ಸೆಂಟು ಇರುತ್ತದೆ, ತೀರ್ವೆ ರಶೀದಿಯಲ್ಲಿ ಹೆಕ್ಟೇರು, ಆರ್, ಚದರ ಮೀಟರು. 1 ಸೆಂಟು ಎಂದರೆ 40.47 ಚದರ ಮೀಟರು, ಅಥವಾ 435.6 ಚದರ ಅಡಿ. 1 ಆರ್ ಎಂದರೆ 100 ಚದರ ಮೀಟರು, ಸುಮಾರು 2.47 ಸೆಂಟು. ಹಾಗಾದರೆ ರಶೀದಿಯಲ್ಲಿ 0.0405 ಹೆಕ್ಟೇರು ಎಂದಿದ್ದರೆ ಅದು 4.05 ಆರ್, ಅಂದರೆ 10 ಸೆಂಟು. ಇದನ್ನು 4 ಸೆಂಟು ಎಂದು ಓದಿ ಗಾಬರಿಯಾದವರಿದ್ದಾರೆ. ಇದಕ್ಕೆ ತದ್ವಿರುದ್ಧವಾಗಿ, 10 ಆರ್ ಎಂಬುದನ್ನು 10 ಸೆಂಟು ಎಂದುಕೊಂಡರೆ ಲೆಕ್ಕವೇ ಬುಡಮೇಲಾಗುತ್ತದೆ.

ಎರಡನೆಯದು ಭೂಮಿಯ ಬಗೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಹಾಗಾಗಿ ಇಲ್ಲಿನ ಹಳೆಯ ಪತ್ರಗಳು ಕನ್ನಡದಲ್ಲಿರುವುದು ಸಾಮಾನ್ಯ, ಅವುಗಳಲ್ಲಿ ನಂಜ, ಪುಂಜ, ಬಾಗಾಯತು ಎಂಬ ಪದಗಳು ಬರುತ್ತವೆ. ನಂಜ ಎಂದರೆ ನೀರಾವರಿ ಗದ್ದೆ, ಪುಂಜ ಎಂದರೆ ಒಣಭೂಮಿ, ಬಾಗಾಯತು ಎಂದರೆ ತೋಟ. ಈಗಿನ ದಾಖಲೆಯಲ್ಲಿ ಇವು ಮಲಯಾಳದ 'ನಿಲಂ' (ಗದ್ದೆ) ಮತ್ತು 'ಪುರಯಿಡಂ' (ಒಣಭೂಮಿ, ತೋಟ) ಎಂಬ ಹೆಸರಿನಲ್ಲಿ ಕಾಣಿಸುತ್ತವೆ. ನಿಲಂ ಎಂದಿದ್ದರೆ ಅಲ್ಲಿ ತೆಂಗು ಬೆಳೆದು 30 ವರ್ಷವಾಗಿದ್ದರೂ ದಾಖಲೆಯ ಮಟ್ಟಿಗೆ ಅದು ಗದ್ದೆ. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಇದಕ್ಕೆ ಅನ್ವಯಿಸುತ್ತದೆ. ಆ ಸರ್ವೆ ನಂಬರು ಪಂಚಾಯತಿನ ಡೇಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆ ಮತ್ತು ಜೌಗುಭೂಮಿಗಳ ಪಟ್ಟಿಯಲ್ಲಿ, ಸೇರಿದೆಯೇ ಎಂದು ಕೃಷಿ ಭವನದಲ್ಲಿ ವಿಚಾರಿಸಬೇಕು. ತಪ್ಪಾಗಿ ಸೇರಿದ್ದರೆ ತೆಗೆಸಲು ನಮೂನೆ 5ರಲ್ಲಿ ಅರ್ಜಿ ಹಾಕಬೇಕು. ಡೇಟಾ ಬ್ಯಾಂಕಿನಲ್ಲಿ ಇಲ್ಲದೆ ಬರೇ ನಿಲಂ ಎಂದು ದಾಖಲಾಗಿದ್ದರೆ, 20.23 ಆರ್ ಅಂದರೆ 50 ಸೆಂಟಿನವರೆಗೆ ಭೂಮಿಯ ಬಗೆ ಬದಲಿಸಲು ನಮೂನೆ 6. ಇವನ್ನು ಮಾರುವವರೇ ಮುಗಿಸಿಕೊಡುವುದು ಒಳ್ಳೆಯದು. ಕೊಂಡ ಮೇಲೆ ಆ ಅಲೆದಾಟ ನಿಮ್ಮದಾಗುತ್ತದೆ, ಮನೆ ವಿಸ್ತರಿಸಲು ಹೋದ ದಿನ ಅದರ ಬಿಸಿ ತಟ್ಟುತ್ತದೆ.

ಹಳೆಯ ವರ್ಗಭೂಮಿಗೆ (ಖಾಸಗಿ ಒಡೆತನದ ಪಟ್ಟೆ ಜಾಗಕ್ಕೆ) ತಾಗಿಕೊಂಡಿರುವ ಕುಮ್ಕಿ ಜಾಗವನ್ನೂ ಇಲ್ಲಿಯೇ ನೆನಪಿಸಿಕೊಳ್ಳಬೇಕು. ಕುಮ್ಕಿ ಸರಕಾರದ ಭೂಮಿ. ವರ್ಗದಾರನಿಗೆ ಅಲ್ಲಿಂದ ಸೊಪ್ಪು, ಸೌದೆ, ಮೇವು ತರುವ ಸೌಲಭ್ಯವಿತ್ತೇ ಹೊರತು ಒಡೆತನವಲ್ಲ. "ಪಟ್ಟೆ 20 ಸೆಂಟು, ಜೊತೆಗೆ ಕುಮ್ಕಿ 15 ಸೆಂಟು" ಎಂದು ಒಟ್ಟಿಗೆ ಬೆಲೆ ಕಟ್ಟಿದರೆ, ಆ 15 ಸೆಂಟಿಗೆ ನೀವು ಕೊಡುವ ಹಣಕ್ಕೆ ಪ್ರತಿಯಾಗಿ ದಾಖಲೆಯಲ್ಲಿ ಏನೂ ಸಿಗುವುದಿಲ್ಲ. ತೋಡು ಪೊರಂಬೋಕನ್ನು, ಅಂದರೆ ತೋಡಿಗೆ ಸೇರಿದ ಸರಕಾರಿ ಜಾಗವನ್ನು, ಪಾಗಾರದೊಳಗೆ ಹಾಕಿಕೊಂಡ ಮನೆಗಳ ಕಥೆಯೂ ಇದೇ.

ಭಾಷೆಯ ತೊಡಕಿಗೆ ಒಂದು ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಬಹುದು. ಅರ್ಜಿ ಕನ್ನಡದಲ್ಲಿ ಕೊಡಲು ಸಂಕೋಚ ಬೇಡ. ಆದರೆ ಮಲಯಾಳದ ಪತ್ರವನ್ನು ಯಾರೋ ಬಾಯಲ್ಲಿ ಅರ್ಥ ಹೇಳಿದ್ದನ್ನು ನಂಬಿ ಸಹಿ ಹಾಕಬಾರದು. ಚೆಕ್ಕುಬಂದಿ, ಅಂದರೆ ಜಾಗದ ನಾಲ್ಕು ಬದಿಯ ಗಡಿಗಳ ವಿವರ, ಇರುವ ಪುಟವನ್ನಾದರೂ ಪದಶಃ ಕನ್ನಡಕ್ಕೆ ಬರೆಸಿಕೊಳ್ಳಿ.

'ಪೈಕಿ' ಎಂಬ ಎರಡಕ್ಷರ

ಕ್ರಯಪತ್ರದ ಷೆಡ್ಯೂಲಿನಲ್ಲಿ ಸರ್ವೆ ನಂಬರಿನ ಪಕ್ಕದಲ್ಲಿ 'ಪೈಕಿ' ಎಂದೋ 'ಪಾರ್ಟ್' ಎಂದೋ ಇದ್ದರೆ ಅಲ್ಲಿ ನಿಲ್ಲಿ. ಉದಾಹರಣೆಗೆ "ಸರ್ವೆ ನಂಬರು 123/1 ಪೈಕಿ 10 ಸೆಂಟು". ಇದರ ಅರ್ಥ, 123/1 ಎಂಬ ದೊಡ್ಡ ಜಾಗದ ಒಳಗೆಲ್ಲೋ ನಿಮ್ಮ 10 ಸೆಂಟು ಇದೆ ಎಂದು. ಎಲ್ಲಿ ಎಂದು ಸರ್ವೆ ಇಲಾಖೆಯ ನಕ್ಷೆ ಹೇಳುವುದಿಲ್ಲ, ಏಕೆಂದರೆ ಆ ನಕ್ಷೆಯಲ್ಲಿ 123/1ರ ಹೊರಗೆರೆ ಮಾತ್ರ ಇದೆ. ಇಡೀ ಹಲಸಿನ ಹಣ್ಣಿನ ತೂಕ ಬರೆದಿಟ್ಟಿದ್ದಾರೆ, ನಿಮ್ಮ ಸೊಳೆ ಯಾವುದೆಂದು ಬರೆದಿಲ್ಲ.

ಆಗ ನಿಮ್ಮ ತುಂಡನ್ನು ಗುರುತಿಸಲು ಉಳಿಯುವುದು ಚೆಕ್ಕುಬಂದಿಯೊಂದೇ: ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಇಂಥವರ ಜಾಗ, ಉತ್ತರಕ್ಕೆ ಅಗಳು (ಕಂದಕ), ದಕ್ಷಿಣಕ್ಕೆ ಕಟ್ಟಹುಣಿ (ಗದ್ದೆಯ ದೊಡ್ಡ ಬದು). ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತವೆ. ಆದರೆ ಅಗಳು ಮುಚ್ಚಿ, ಕಟ್ಟಹುಣಿ ರಸ್ತೆಯಾಗಿ, 'ಇಂಥವರ ಜಾಗ' ನಾಲ್ಕು ಕೈ ಬದಲಾಗಿದ್ದರೆ? ಗಡಿ ಜಗಳಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ. ಕುಟುಂಬದವರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಅನುಭವಿಸುತ್ತಿರುವ ಜಾಗದಲ್ಲಿ ಇದು ಇನ್ನೂ ಸಿಕ್ಕು. ನೆಲದ ಮೇಲೆ ಬೇಲಿ ಇರುತ್ತದೆ, ದಾಖಲೆಯಲ್ಲಿ ಪಾಲೇ ಆಗಿರುವುದಿಲ್ಲ.

ಪೈಕಿ ಜಾಗದಲ್ಲಿ ಕೊರತೆ ಹೇಗೆ ಬರುತ್ತದೆ ಎಂಬುದನ್ನು ಲೆಕ್ಕದಲ್ಲಿ ನೋಡೋಣ. ದಾಖಲೆಯ ಪ್ರಕಾರ 1 ಎಕರೆ ಇರುವ ಜಾಗ ಅಳೆದರೆ ನಿಜಕ್ಕೂ 96 ಸೆಂಟು ಇದೆ ಎಂದುಕೊಳ್ಳಿ. ಒಡೆಯರು 10 ಸೆಂಟಿನ 10 ತುಂಡು ಮಾರುತ್ತಾರೆ. ಮೊದಲ ಒಂಬತ್ತು ಮಂದಿ ಅಳೆದು ಪಾಗಾರ ಹಾಕುತ್ತಾರೆ. ಹತ್ತನೆಯವರ ಪತ್ರದಲ್ಲಿ 10 ಸೆಂಟು, ನೆಲದಲ್ಲಿ 6 ಸೆಂಟು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಆದರೂ ನಷ್ಟ ಒಬ್ಬರದೇ. ಹಾಗಾಗಿ ಪೈಕಿ ಜಾಗ ಕೊಳ್ಳುವಾಗ ನಿಮ್ಮ ತುಂಡನ್ನು ಮಾತ್ರ ಅಳೆದರೆ ಸಾಲದು. ಇಡೀ ಉಪವಿಭಾಗದ, ಅಂದರೆ 123/1ರಂಥ ಪೂರ್ತಿ ನಂಬರಿನ, ಹೊರಗಡಿಯನ್ನು ನಿಲ್ಲಿಸಿ, ಅದರೊಳಗೆ ಈಗಾಗಲೇ ಮಾರಿದ ತುಂಡುಗಳನ್ನು ಕಳೆದು, ಉಳಿದದ್ದರಲ್ಲಿ ನಿಮ್ಮದು ಕೂರುತ್ತದೆಯೇ ಎಂದು ನೋಡಿಸಬೇಕು. ಇದಕ್ಕೆ ಖರ್ಚು ಹೆಚ್ಚು, ಆದರೆ ಪೈಕಿ ಜಾಗಕ್ಕೆ ಇದಕ್ಕಿಂತ ಕಡಿಮೆ ಯಾವುದೂ ಸರಿಯಾದ ಸರ್ವೆಯಲ್ಲ.

ಗಡಿ ಅಳೆಯುವ ಬಗೆ, ತಪ್ಪು ನುಸುಳುವ ಬಗೆ

ಪ್ರತಿ ಸರ್ವೆ ನಂಬರಿಗೂ ಇಲಾಖೆಯಲ್ಲಿ ಎಫ್‌ಎಂಬಿ ಎಂಬ ಕ್ಷೇತ್ರ ಅಳತೆ ಪುಸ್ತಕದ ಒಂದು ಹಾಳೆ ಇರುತ್ತದೆ. ಅದರಲ್ಲಿ ಎರಡು ಸರ್ವೆ ಕಲ್ಲುಗಳ ನಡುವೆ ಎಳೆದ ಒಂದು ಮೂಲಗೆರೆ, ಆ ಗೆರೆಯ ಮೇಲಿಂದ ಬಲಕ್ಕೆ ಎಡಕ್ಕೆ ಲಂಬವಾಗಿ ಇಂತಿಷ್ಟು ದೂರದಲ್ಲಿ ಗಡಿಯ ಬಾಗುಗಳು ಹೀಗೆ ಬರೆದಿರುತ್ತದೆ. ಒಂಟಿ ಕಂಬದ ಏಣಿಯ ಹಾಗೆ: ನಡುವಿನ ಕಂಬ ಮೂಲಗೆರೆ, ಮೆಟ್ಟಿಲುಗಳು ಲಂಬದ ಅಳತೆಗಳು. ಹಳೆಯ ನಕ್ಷೆಗಳಲ್ಲಿ ಈ ದೂರಗಳು ಲಿಂಕಿನಲ್ಲಿವೆ. 66 ಅಡಿಯ ಸರಪಳಿಯಲ್ಲಿ 100 ಲಿಂಕು, ಒಂದು ಲಿಂಕು ಎಂದರೆ 20.1 ಸೆಂಟಿಮೀಟರು. 1000 ಚದರ ಲಿಂಕು ಸೇರಿದರೆ 1 ಸೆಂಟು.

ಸರ್ವೆಯರ್ ಮಾಡಬೇಕಾದ ಮೊದಲ ಕೆಲಸ ನಕ್ಷೆಯಲ್ಲಿರುವ ಹಳೆಯ ಕಲ್ಲುಗಳನ್ನು ನೆಲದಲ್ಲಿ ಹುಡುಕುವುದು. ಕನಿಷ್ಠ ಮೂರು ಕಲ್ಲು ಸಿಕ್ಕಿ ಅವುಗಳ ನಡುವಿನ ದೂರ ನಕ್ಷೆಯೊಂದಿಗೆ ಹೊಂದಿದರೆ ಮುಂದಿನ ಕೆಲಸ ನಂಬಬಹುದು. ಎರಡೇ ಕಲ್ಲು ಸಿಕ್ಕಿದಾಗ ಅದರಲ್ಲಿ ಒಂದು ಸ್ಥಳ ಬದಲಾಗಿದ್ದರೆ ಯಾವುದೆಂದು ಗೊತ್ತೇ ಆಗುವುದಿಲ್ಲ. ಮೂರನೆಯದು ಸಾಕ್ಷಿ. ಕಲ್ಲು ಸಿಗದಿದ್ದರೆ ಪಕ್ಕದ ಸರ್ವೆ ನಂಬರಿನ ಕಲ್ಲುಗಳಿಂದ ಅಳೆದು ತರಬೇಕು. ಈ ಶ್ರಮ ತಪ್ಪಿಸಿಕೊಳ್ಳಲು ಪಾಗಾರದ ಮೂಲೆಯನ್ನೇ ಗಡಿ ಎಂದು ಹಿಡಿದು ಅಳೆಯುವವರಿದ್ದಾರೆ. ಅದು ಪಾಗಾರದ ಒಳಗಿನ ವಿಸ್ತೀರ್ಣ ಹೇಳುತ್ತದೆಯೇ ವಿನಾ ಗಡಿಯನ್ನಲ್ಲ. ಎಲ್ಲಿಂದ ಆರಂಭಿಸಿದಿರಿ ಎಂದು ಕೇಳಿ. ಈ ಒಂದು ಪ್ರಶ್ನೆಯಿಂದ ಸರ್ವೆಯ ಗುಣಮಟ್ಟ ತಿಳಿಯುತ್ತದೆ.

ಇಳಿಜಾರು ಇನ್ನೊಂದು ಬಲೆ. ದಾಖಲೆಯ ವಿಸ್ತೀರ್ಣ ಯಾವಾಗಲೂ ಸಮತಲದ್ದು, ಆಕಾಶದಿಂದ ನೇರ ಕೆಳಗೆ ನೋಡಿದಂತೆ. ಗುಡ್ಡದ ಮೈಗೆ ಟೇಪನ್ನು ಅಂಟಿಸಿ ಎಳೆದರೆ ಉದ್ದ ಜಾಸ್ತಿ ಬರುತ್ತದೆ. 15 ಡಿಗ್ರಿ ಇಳಿಜಾರಿನಲ್ಲಿ ಟೇಪು 30 ಮೀಟರು ತೋರಿಸಿದರೆ ನಿಜವಾದ ಸಮತಲ ದೂರ 28.98 ಮೀಟರು. ಜಾಗದ ಅಗಲ 20 ಮೀಟರಾದರೆ ಅರ್ಧ ಸೆಂಟು ಹಾಗೆಯೇ ಮಾಯ. ಪೈವಳಿಕೆ, ಎಣ್ಮಕಜೆಯ ಗುಡ್ಡಗಳಲ್ಲಿ ಟೇಪಿನ ಅಳತೆ ಹಿಡಿದು ಕರಾರು ಬರೆಯಬೇಡಿ.

ಮೊಬೈಲಿನ ಜಿಪಿಎಸ್ ಹಿಡಿದು ಗಡಿ ಸುತ್ತಿ ವಿಸ್ತೀರ್ಣ ತೋರಿಸುವ ಆ್ಯಪುಗಳನ್ನು ಅಂದಾಜಿಗಷ್ಟೇ ಬಳಸಿ. ತೆರೆದ ಆಕಾಶದ ಕೆಳಗೂ ಅವು ಕೆಲವು ಮೀಟರು ಆಚೀಚೆ ಆಗುತ್ತವೆ. 20 ಮೀಟರು ಉದ್ದದ ಒಂದು ಬದಿಯಲ್ಲಿ 3 ಮೀಟರು ತಪ್ಪಿದರೆ 60 ಚದರ ಮೀಟರು, ಸುಮಾರು ಒಂದೂವರೆ ಸೆಂಟು. ಡಿಜಿಟಲ್ ಮರುಸರ್ವೆಯಲ್ಲೂ ಉಪಗ್ರಹವೇ ಇದೆ, ಆದರೆ ಬಗೆ ಬೇರೆ. ರಾಜ್ಯದಲ್ಲಿ 28 ಸ್ಥಿರ ನಿಲ್ದಾಣಗಳಿವೆ. ತಾನು ನಿಂತ ಜಾಗ ಯಾವುದೆಂದು ನಿಲ್ದಾಣಕ್ಕೆ ಖಚಿತವಾಗಿ ಗೊತ್ತು. ಹಾಗಾಗಿ ಉಪಗ್ರಹದ ಸಂಕೇತ ಈ ಕ್ಷಣ ಎಷ್ಟು ತಪ್ಪು ತೋರಿಸುತ್ತಿದೆ ಎಂದು ಅದು ಲೆಕ್ಕ ಹಾಕಿ ಸರ್ವೆಯರ್ ಕೈಯಲ್ಲಿರುವ ರೋವರ್ ಎಂಬ ಉಪಕರಣಕ್ಕೆ ಕಳುಹಿಸುತ್ತದೆ. ಅಂಗಡಿಯ ತಕ್ಕಡಿ 50 ಗ್ರಾಂ ಹೆಚ್ಚು ತೋರಿಸುತ್ತದೆ ಎಂದು ತಿಳಿದರೆ ಅಷ್ಟನ್ನು ಕಳೆದುಕೊಳ್ಳುವುದಿಲ್ಲವೇ, ಹಾಗೆ. ಆಗ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ದಟ್ಟ ಅಡಿಕೆ ತೋಟದ ಹೆಡೆಗಳ ಕೆಳಗೆ ಸಂಕೇತ ಸರಿಯಾಗಿ ಸಿಗುವುದಿಲ್ಲ. ಅಲ್ಲಿ ಟೋಟಲ್ ಸ್ಟೇಷನ್ ಬೇಕು. ಅದು ಬೆಳಕಿನ ಕಿರಣದಿಂದ ದೂರವನ್ನೂ ಕೋನವನ್ನೂ ಅಳೆಯುವ ಯಂತ್ರ.

ಡಿಜಿಟಲ್ ಸರ್ವೆ ಆದ ಗ್ರಾಮದಲ್ಲಿ ಕೇಳಬೇಕಾದ್ದು ಅದು ಯಾವ ಹಂತದಲ್ಲಿದೆ ಎಂದು. ಅಳತೆ ಮುಗಿದ ಮೇಲೆ 1961ರ ಕೇರಳ ಸರ್ವೆ ಮತ್ತು ಗಡಿ ಕಾಯ್ದೆಯ 9(2)ರಂತೆ ಕರಡು ಪ್ರಕಟವಾಗುತ್ತದೆ. ಆಗ ಆಕ್ಷೇಪಣೆಗೆ ಅವಕಾಶವಿದೆ. ಬಳಿಕ 13ನೆಯ ವಿಧಿಯ ಅಂತಿಮ ಪ್ರಕಟಣೆ. ಕರಡಿನ ಹಂತದಲ್ಲಿದ್ದರೆ ಮಾರುವವರಿಂದಲೇ ತಪ್ಪು ತಿದ್ದಿಸಬಹುದು. ಅಂತಿಮವಾದ ಮೇಲೆ ದಾರಿ ಉದ್ದ. ಒಡೆಯರು ಗಲ್ಫಿನಲ್ಲಿದ್ದು, ಗಡಿಯ ಕಾಡು ಕಡಿಯದೆ, ಅಳೆಯುವ ದಿನ ಯಾರೂ ಹಾಜರಿರದ ಜಾಗಗಳಲ್ಲಿ ಕಣ್ಣಿಗೆ ಕಂಡ ಬೇಲಿಯೇ ಗಡಿಯಾಗಿ ದಾಖಲಾಗಿರಬಹುದು. ಹಾಗಾಗಿ ಡಿಜಿಟಲ್ ನಕ್ಷೆಯ ವಿಸ್ತೀರ್ಣವನ್ನು ಕ್ರಯಪತ್ರದ ವಿಸ್ತೀರ್ಣದೊಂದಿಗೆ ಒಮ್ಮೆ ಹೋಲಿಸಲೇಬೇಕು.

ಸರಕಾರಿ ಸರ್ವೆಯೋ, ಖಾಸಗಿಯೋ

ತಾಲೂಕು ಸರ್ವೆಯರ್ ಮೂಲಕ ಗಡಿ ಗುರುತಿಸಿದರೆ ನೆರೆಯವರಿಗೆ ನೋಟಿಸು ಹೋಗುತ್ತದೆ, ಅವರ ಎದುರಿನಲ್ಲಿ ಅಳತೆ ನಡೆಯುತ್ತದೆ, ದಾಖಲೆಯಾಗಿ ಉಳಿಯುತ್ತದೆ. ಮುಂದೆ ಜಗಳ ಬಂದರೆ ಇದಕ್ಕೆ ತೂಕ. ಆದರೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಮತ್ತು ಅರ್ಜಿ ಹಾಕಬೇಕಾದ್ದು ಈಗಿನ ಒಡೆಯರು, ಕೊಳ್ಳಲಿರುವ ನೀವಲ್ಲ. ಖಾಸಗಿ ಪರವಾನಗಿ ಸರ್ವೆಯರ್ ವಾರದೊಳಗೆ ನಕ್ಷೆ ಕೊಡುತ್ತಾರೆ. ಆದರೆ ಆ ನಕ್ಷೆ ನೆರೆಯವರನ್ನು ಕಟ್ಟಿಹಾಕುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಇವೆರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆಯೇ ಸಲ್ಲ, ಯಾವಾಗ ಯಾವುದು ಎಂಬುದಷ್ಟೇ ಪ್ರಶ್ನೆ. ಮುಂಗಡ ಕೊಡುವ ಮೊದಲು ಖಾಸಗಿ ಸರ್ವೆ ಮಾಡಿಸಿ ಜಾಗ ಸಾಕಷ್ಟಿದೆಯೇ ಎಂದು ತಿಳಿಯಿರಿ. ಕೊರತೆ ಇದ್ದರೆ, ಪೈಕಿ ಜಾಗವಾದರೆ, ನೆರೆಯವರು ತಕರಾರು ತೆಗೆದರೆ, ಒಂದು ಬದಿ ತೋಡೋ ರಸ್ತೆಯೋ ಆದರೆ, ನೋಂದಣಿಗೆ ಮುನ್ನ ಸರಕಾರಿ ಅಳತೆ ಆಗಲೇಬೇಕೆಂದು ಕರಾರಿನಲ್ಲಿ ಬರೆಸಿ.

ಅದೇ ನಕ್ಷೆಯಲ್ಲಿ ಮನೆ ಎಲ್ಲಿದೆ ಎಂಬುದನ್ನೂ ಗುರುತಿಸಲು ಸರ್ವೆಯರಿಗೆ ಹೇಳಿ. ಗಡಿಯಿಂದ ಗೋಡೆಗೆ ಎಷ್ಟು ದೂರ, ಬಾವಿಗೆ ಎಷ್ಟು, ಶೌಚದ ಗುಂಡಿಗೆ ಎಷ್ಟು. ಕೇರಳದ ಕಟ್ಟಡ ನಿಯಮದಂತೆ ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ ಕನಿಷ್ಠ 7.5 ಮೀಟರು ದೂರವಿರಬೇಕು. ನೆರೆಮನೆಯ ಗುಂಡಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಾದರೆ 45 ಮೀಟರು ಅಗಲದ ಹೆದ್ದಾರಿಯ ಗಡಿಕಲ್ಲಿನಿಂದ ದೂರ ಅಳೆಯಬೇಕು. ಕಡಲತೀರ, ಅಥವಾ ಮೊಗ್ರಾಲು, ಶಿರಿಯ, ಚಂದ್ರಗಿರಿ ಹೊಳೆಗಳ ಉಬ್ಬರ ತಲಪುವ ಭಾಗದ ಬದಿಯಾದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆಯಲ್ಲಿ ಜಾಗ ಎಲ್ಲಿ ಬರುತ್ತದೆ ಎಂದು ನೋಡಬೇಕು. ದಾರಿಯ ಅಗಲವನ್ನು ಕ್ರಯಪತ್ರದಲ್ಲಿ ಓದಿ, ನೆಲದಲ್ಲಿ ಅಳೆದು, ಎರಡನ್ನೂ ಹೋಲಿಸಿ.

ನೆಲದ ಏರುತಗ್ಗು

ಸಮತಟ್ಟಾದ ಜಾಗದಲ್ಲಿ ಇದು ಬೇಡ. ಗುಡ್ಡ ಕೊರೆದು ತಟ್ಟು ಮಾಡಿದ ಜಾಗದಲ್ಲಿ, ಅಥವಾ ಬೈಲಿಗೆ ಮಣ್ಣು ತುಂಬಿಸಿದಲ್ಲಿ ಬೇಕೇ ಬೇಕು. ಅರ್ಧ ಮೀಟರು ಅಂತರದ ಸಮೋನ್ನತಿ ರೇಖೆಗಳಿರುವ ನಕ್ಷೆ ಮಾಡಿಸಿದರೆ ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಕಾಣುತ್ತದೆ. ಬೆಟ್ಟು, ಮಜಲು, ಬೈಲು ಎಂದು ಹಿರಿಯರು ಎತ್ತರದಿಂದ ತಗ್ಗಿಗೆ ಹೆಸರಿಟ್ಟದ್ದು ನೀರನ್ನು ನೋಡಿಯೇ. ಜಾಗದ ಹಳೆಯ ಹೆಸರು ಬೈಲು ಎಂದಿದ್ದರೆ ಜುಲೈಯಲ್ಲಿ ಒಮ್ಮೆ ಹೋಗಿ ನೋಡಿ.

ಧರೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಮ್ಮ ಮುರಕಲ್ಲಿನ ಮೇಲ್ಪದರ ಗಟ್ಟಿ, ಕಡಿದರೆ ಗೋಡೆಯಂತೆ ನಿಲ್ಲುತ್ತದೆ. ಆದರೆ ಅದರ ಅಡಿಯಲ್ಲಿ ಬಿಳಿ, ಹಳದಿ ಬಣ್ಣದ ಶೇಡಿಮಣ್ಣು ಇರುತ್ತದೆ. ಒಣಗಿದ್ದಾಗ ಅದು ಗಟ್ಟಿ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಧರೆಯನ್ನು ಮುರಕಲ್ಲಿನ ಪದರ ದಾಟಿ ಶೇಡಿಯವರೆಗೆ ಕೊರೆದಿದ್ದರೆ ಮಳೆಗಾಲದಲ್ಲಿ ಬುಡ ಮೆತ್ತಗಾಗಿ ಮೇಲಿನ ಗಟ್ಟಿ ಕಲ್ಲೇ ಜಾರಿ ಬೀಳುತ್ತದೆ. ಮೇಲ್ಭಾಗದಲ್ಲಿ ನೆಲ ಬಾಯಿ ಬಿಟ್ಟ ಬಿರುಕು, ವಾಲಿದ ಮರ, ಬುಡದಲ್ಲಿ ಜಿನುಗುವ ಕೆಸರು ನೀರು, ನೀರು ಹೋಗಲು ತೂತುಗಳಿಲ್ಲದ ತಡೆಗೋಡೆ, ಇವು ಕಂಡರೆ ಭೂತಾಂತ್ರಿಕ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಮುಂದುವರಿಯಬೇಡಿ.

ಬಾಯಾರು, ಪೆರ್ಲದ ಕಡೆ ಕೊಳ್ಳುವವರು ಸುರಂಗದ ಬಗ್ಗೆಯೂ ಕೇಳಿ. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಈ ಸುರಂಗಗಳು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಬಾಯಿ ನೆರೆಯವರ ಜಾಗದಲ್ಲಿದ್ದು ಒಳಭಾಗ ನಿಮ್ಮ ಮನೆಯ ಅಡಿಗೆ ಬಂದಿರಬಹುದು. ಅದು ಎಷ್ಟು ಉದ್ದ, ಯಾವ ದಿಕ್ಕಿಗೆ, ನೀರು ಯಾರಿಗೆ ಎಂಬುದನ್ನು ಊರಿನ ಹಿರಿಯರಲ್ಲಿ ವಿಚಾರಿಸಿ ನಕ್ಷೆಯ ಮೇಲೆ ಗುರುತು ಹಾಕಿಸಬೇಕು.

ಮನೆಯ ಮೈ ನೋಡುವುದು

ಕಟ್ಟಡದ ಪರಿಶೀಲನೆಯಲ್ಲಿ ಮೂರು ಮಟ್ಟಗಳಿವೆ: ಕಣ್ಣೋಟ, ವಿವರವಾದ ಪರಿಶೀಲನೆ, ಉಪಕರಣದ ಪರೀಕ್ಷೆ. ಹತ್ತು ವರ್ಷದೊಳಗಿನ, ವಿಸ್ತರಣೆಯಾಗದ ಮನೆಗೆ ಎಂಜಿನಿಯರ್ ಎರಡು ಗಂಟೆ ಸುತ್ತಿ ನೋಡಿದರೆ ಸಾಕು. ಹಳೆಯ ಮನೆ, ಹಂತಹಂತವಾಗಿ ಕಟ್ಟಿದ ಮನೆ, ಮೇಲೆ ಮಹಡಿ ಏರಿಸಿದ ಮನೆ, ಕಡಲ ಬದಿಯ ಮನೆ, ಇವಕ್ಕೆ ಎರಡನೆಯ ಮಟ್ಟ ಬೇಕು. ಅಲ್ಲಿ ಸಂಶಯ ಬಂದ ಭಾಗಕ್ಕೆ ಮಾತ್ರ ಮೂರನೆಯದು.

ಬಿರುಕು ಕಂಡ ಕೂಡಲೇ ಹೆದರಬೇಕಿಲ್ಲ, ಅದರ ಆಕಾರ ಓದಬೇಕು. ಗೋಡೆ ಮತ್ತು ಸ್ಲಾಬು ಸೇರುವಲ್ಲಿ ಅಡ್ಡಕ್ಕೆ ಹೋದ ಸಣ್ಣ ಬಿರುಕು ಹೆಚ್ಚಾಗಿ ಬಿಸಿಲಿಗೆ ಸ್ಲಾಬು ಹಿಗ್ಗಿ ಕುಗ್ಗಿದ್ದರಿಂದ. ಸಾರಣೆಯ ಮೇಲಿನ ಬಲೆಯಂಥ ಗೆರೆಗಳು ಸಾರಣೆಯವೇ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ, ಕಲ್ಲಿನ ಸಂದುಗಳಲ್ಲಿ ಮೆಟ್ಟಿಲಿಳಿದಂತೆ ಹೋದ, ಒಂದು ತುದಿ ಅಗಲ ಒಂದು ತುದಿ ಸಪೂರ ಇರುವ ಬಿರುಕು ಅಡಿಪಾಯ ಕುಸಿದದ್ದರ ಗುರುತು. 5 ಮಿಲಿಮೀಟರಿಗಿಂತ ಅಗಲವಿದ್ದರೆ ಗಂಭೀರ. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಕಪಾಟಿನ ಹಿಂದೆ, ಹೊರಗೋಡೆಯ ಹಿಂಬದಿಯಲ್ಲಿ ಹುಡುಕಿ.

ಮುರಕಲ್ಲಿನ ಮೈ ತುಂಬ ರಂಧ್ರ. ತಳಪಾಯದ ಮೇಲೆ ಬೆಲ್ಟ್ ಕಾಂಕ್ರೀಟ್ ಹಾಕದಿದ್ದರೆ ನೆಲದ ತೇವ ಬತ್ತಿಯಲ್ಲಿ ಎಣ್ಣೆ ಏರುವಂತೆ ಗೋಡೆಯಲ್ಲಿ ಏರುತ್ತದೆ. ನೆಲದಿಂದ ಮೀಟರಿನಷ್ಟು ಎತ್ತರದವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಕಾಣಿಸಿದರೆ ಇದೇ ಕಾರಣ. ಇದಕ್ಕೆ ಬಣ್ಣ ಪರಿಹಾರವಲ್ಲ. ಮೇಲಿನಿಂದ ಕೆಳಗೆ ಇಳಿದ ಕಲೆಯಾದರೆ ಸ್ಲಾಬಿನ ಸೋರಿಕೆ. ಈಗ ಬಹಳಷ್ಟು ಮನೆಗಳ ಸ್ಲಾಬಿನ ಮೇಲೆ ತಗಡಿನ ಮಾಡು ಇದೆ. ಮಾಡು ಹಾಕಿದ್ದು ಬಟ್ಟೆ ಒಣಗಿಸಲೋ, ಸೋರಿಕೆ ತಡೆಯಲೋ ಎಂದು ಕೇಳಿ, ಸ್ಲಾಬಿನ ಅಡಿಭಾಗ ನೋಡಿ. ಬೇಸಗೆಯಲ್ಲಿ ಕೊಳ್ಳುವುದಾದರೆ ತೆರೆದ ಸ್ಲಾಬಿನ ಮೇಲೆ ಒಂದೆರಡು ಅಂಗುಲ ನೀರು ನಿಲ್ಲಿಸಿ ಒಂದು ದಿನ ಕಾಯಬಹುದು.

ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದರೆ ಉಬ್ಬಿಕೊಂಡು ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಕಡಲ ಗಾಳಿಯ ಉಪ್ಪು, ತೊಳೆಯದ ಉಪ್ಪುಮರಳು ಇದನ್ನು ಬೇಗ ತರುತ್ತವೆ. ಸಣ್ಣ ಸುತ್ತಿಗೆಯಿಂದ ಸ್ಲಾಬಿನ ಅಡಿಯನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಕಂಬಿಯ ಗೆರೆಯಲ್ಲೇ ಕಂದು ಕಲೆ ಕಂಡರೆ, ಅಲ್ಲಿ ಉಪಕರಣದ ಪರೀಕ್ಷೆ ಬೇಕು. ರಿಬೌಂಡ್ ಸುತ್ತಿಗೆ ಮೇಲ್ಮೈಯ ಗಡಸುತನ ತೋರಿಸುತ್ತದೆ, ಕವರ್ ಮೀಟರು ಕಂಬಿ ಎಷ್ಟು ಆಳದಲ್ಲಿದೆ ಎಂದು ಹೇಳುತ್ತದೆ. ಒಡೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಾದ ಕಾಂಕ್ರೀಟು ಗುಲಾಬಿಯಾಗುತ್ತದೆ, ಕಂಬಿಯನ್ನು ಕಾಯುವ ಕ್ಷಾರ ಗುಣ ಕಳೆದುಕೊಂಡದ್ದು ಬಣ್ಣ ಬದಲಿಸುವುದಿಲ್ಲ.

ಹೆಂಚಿನ ಮನೆಯಾದರೆ ಪಕ್ಕಾಸಿನ (ಮಾಡಿನ ಮರದ ಪಟ್ಟಿಯ) ತುದಿ ಗೋಡೆಯ ಮೇಲೆ ಕೂರುವಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೊದಲು ಕೊಳೆಯುವುದು ಅಲ್ಲಿ. ಬಾಗಿಲ ದಾರಂದದ ಬುಡದಲ್ಲಿ ಒರಲೆಯ ಮಣ್ಣಿನ ಗೆರೆ ಇದೆಯೇ ನೋಡಿ. ಬಾವಿಯನ್ನು ಏಪ್ರಿಲ್-ಮೇಯಲ್ಲಿ ನೋಡಬೇಕು, ಕಡಲ ಬದಿಯಲ್ಲಾದರೆ ಆಗಲೇ ನೀರಿನ ಉಪ್ಪನ್ನೂ ಪರೀಕ್ಷಿಸಬೇಕು.

ಪಂಚಾಯತು ಮಂಜೂರು ಮಾಡಿದ ಪ್ಲಾನನ್ನು ಕೈಯಲ್ಲಿ ಹಿಡಿದು ಮನೆಯನ್ನು ಅಳೆಯಲು ಎಂಜಿನಿಯರಿಗೆ ಹೇಳಿ. ಪ್ಲಾನಿನಲ್ಲಿ ಇಲ್ಲದ ಕೋಣೆಗೆ ತೆರಿಗೆ ಮತ್ತು ಸಕ್ರಮದ ಖರ್ಚು ಕೊಂಡವರ ಪಾಲಿಗೆ ಬರುತ್ತದೆ, ಬ್ಯಾಂಕು ಸಾಲಕ್ಕೂ ಅಡ್ಡಿಯಾಗುತ್ತದೆ. ಬ್ಯಾಂಕಿನವರು ಕಳುಹಿಸುವ ಮೌಲ್ಯಮಾಪಕರ ವರದಿಯನ್ನು ಈ ಪರಿಶೀಲನೆಗೆ ಬದಲಿ ಎಂದು ತಿಳಿಯಬೇಡಿ. ಸಾಲ ವಸೂಲಾಗುವಷ್ಟು ಬೆಲೆ ಇದೆಯೇ ಎಂಬುದಷ್ಟೇ ಅವರ ಪ್ರಶ್ನೆ.

ನಿಮಗೆ ಯಾವುದು?

ಫ್ಲಾಟು ಕೊಳ್ಳುವವರಿಗೆ ಗಡಿ ಸರ್ವೆಗಿಂತ ದಾಖಲೆ ಮತ್ತು ಕಟ್ಟಡದ ಪರಿಶೀಲನೆ ಮುಖ್ಯ. ಹೊಸ ಯೋಜನೆ 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿದ್ದರೆ ಅಥವಾ 8ಕ್ಕಿಂತ ಹೆಚ್ಚು ಫ್ಲಾಟುಗಳಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಬೇಕು. ಪಟ್ಟಣದಂಚಿನಲ್ಲಿ ತುಂಡು ಮಾಡಿ ಮಾರುವ ಹೊಸ ಮನೆಗಳಿಗೆ ಇಡೀ ಉಪವಿಭಾಗದ ಗಡಿ ಸರ್ವೆ ಮತ್ತು ಭೂಮಿಯ ಬಗೆ ಮುಖ್ಯ, ಮನೆಗೆ ಕಣ್ಣೋಟ ಸಾಕು. ಹಳೆಯ ತರವಾಡು ಮನೆಗೆ ಹಕ್ಕಿನ ದಾಖಲೆ, ಸರಕಾರಿ ಗಡಿ ಅಳತೆ, ವಿವರವಾದ ಕಟ್ಟಡ ಪರಿಶೀಲನೆ ಮೂರೂ ಬೇಕು. ಗುಡ್ಡದ ಮನೆಗೆ ಇವುಗಳ ಮೇಲೆ ಏರುತಗ್ಗಿನ ನಕ್ಷೆ.

ಇವೆಲ್ಲಕ್ಕೂ ಸಮಯ ಸಿಗುವುದು ಕರಾರು ಸರಿಯಾಗಿದ್ದರೆ ಮಾತ್ರ. ಬೆಲೆಯನ್ನು ಒಟ್ಟು ಮೊತ್ತವಾಗಿ ಬರೆಯದೆ, ಅಳತೆಯಲ್ಲಿ ಸಿಕ್ಕಿದ ಪ್ರತಿ ಸೆಂಟಿಗೆ ಇಷ್ಟು, ಕಟ್ಟಡಕ್ಕೆ ಇಷ್ಟು ಎಂದು ಬೇರೆ ಬೇರೆ ಬರೆಸಿ. ಗಡಿ ಅಳತೆಗೆ ಅರ್ಜಿ ಹಾಕುವ ಹೊಣೆ ಮಾರುವವರದೆಂದೂ, ಅದು ಮುಗಿಯುವವರೆಗೆ ಕರಾರಿನ ಅವಧಿ ಮುಂದುವರಿಯುತ್ತದೆಂದೂ ಸೇರಿಸಿ. ಅಳತೆಯ ದಿನ ನೆರೆಯವರು ಬಂದಿದ್ದರೆ ನಕ್ಷೆಯ ಮೇಲೆ ಅವರ ಸಹಿ ಪಡೆಯಿರಿ.

ಕಲ್ಲು ಹಾಕಿದ ಮೇಲೆ ಪ್ರತಿ ಕಲ್ಲಿನಿಂದ ಅಲುಗದ ಎರಡು ಗುರುತುಗಳಿಗೆ, ಉದಾಹರಣೆಗೆ ಬಾವಿಯ ಕಟ್ಟೆ ಮತ್ತು ಮನೆಯ ಮೂಲೆಗೆ, ಇರುವ ದೂರವನ್ನು ಸೆಂಟಿಮೀಟರಿನಲ್ಲಿ ನಕ್ಷೆಯ ಮೇಲೆ ಬರೆಸಿ, ಕಲ್ಲಿನ ಪಕ್ಕ ಟೇಪು ಇಟ್ಟು ಫೋಟೊ ತೆಗೆದಿಡಿ. ಅಂಗಳ ಸಮ ಮಾಡಲು ಜೆಸಿಬಿ ಬಂದ ದಿನ ಕಲ್ಲು ಮಣ್ಣಿನಡಿ ಹೋದರೆ, ಆ ಎರಡು ದೂರಗಳು ಸಂಧಿಸುವಲ್ಲಿ ಅಗೆದು ಅದನ್ನು ಮತ್ತೆ ಹುಡುಕಬಹುದು.